ಮೂರ್ಛೆರೋಗದ ಮದ್ದು ಊರಿಗೆ ಬರಬೇಕು

1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬೆಂಗಳೂರಿನ ವೈದ್ಯರ ಪುಟ್ಟ ಲೇಖನವೊಂದು ಪ್ರಕಟವಾಯಿತು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ, ಅದು ಮೂರ್ಛೆರೋಗದ್ದೇ ಒಂದು ವಿಶಿಷ್ಟ ಬಗೆ ಎಂಬುದು ಅದರ ಸಾರ. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಡಾ. ಕೆ.ಎಸ್. ಮಣಿ ಅವರದು. ಆಗ ಅವರು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನರರೋಗ ತಜ್ಞರಾಗಿದ್ದರು. 1974ರಲ್ಲಿ ಆ ಸಂಸ್ಥೆಯೇ ನಿಮ್ಹಾನ್ಸ್ ಆಯಿತು. ಮೂರು ದಶಕ ಕಳೆದ ಮೇಲೆ, 2001ರಲ್ಲಿ, ಜಗತ್ತಿನ ವೈದ್ಯರೆಲ್ಲ ಓದುವ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಣಿ ಮತ್ತು ಅವರ ಸಂಗಡಿಗರ ಇನ್ನೊಂದು ಲೇಖನ ಬಂತು. ಯಳಂದೂರು ಎಂಬ ಸಣ್ಣ ತಾಲ್ಲೂಕಿನಲ್ಲಿ ಅಗ್ಗದ ಎರಡು ಗುಳಿಗೆಗಳಿಂದ ಮೂರ್ಛೆರೋಗವನ್ನು ಹತೋಟಿಗೆ ತಂದ ಕಥೆ ಅದು.

ಈ ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಬ್ಬ ವೈದ್ಯ ನಡೆದ ದಾರಿ ಕಾಣುತ್ತದೆ. ಮೊದಲನೆಯದರಲ್ಲಿ ರೋಗಿ ಆಸ್ಪತ್ರೆಗೆ ಬಂದು ತನ್ನ ಕಥೆ ಹೇಳಿದ. ಎರಡನೆಯದರಲ್ಲಿ ಆಸ್ಪತ್ರೆಯೇ ರೋಗಿಯ ಊರಿಗೆ ಹೋಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಾವು ಈ ಎರಡನೆಯ ಹೆಜ್ಜೆಯನ್ನು ಮುಖ್ಯವಾಗಿ ಗಮನಿಸಬೇಕು ಎಂಬುದು ನನ್ನ ಬಲವಾದ ನಂಬಿಕೆ. ಮೂರ್ಛೆರೋಗಕ್ಕೆ ಮದ್ದು ಕಂಡುಹಿಡಿದು ನೂರು ವರ್ಷ ದಾಟಿದೆ. ಆ ಮದ್ದು ಹಳ್ಳಿಯ ಮನೆಯವರೆಗೆ ಬಂದು, ದಿನವೂ ತಪ್ಪದೆ ಹೊಟ್ಟೆಗೆ ಹೋಗುವಂತೆ ಮಾಡುವ ಕೆಲಸ ಇನ್ನೂ ಮುಗಿದಿಲ್ಲ.

ಮೆದುಳಿನಲ್ಲಿ ಆಗುವುದೇನು?

ಮೊದಲು ರೋಗ ಎಂಥದೆಂದು ತಿಳಿದುಕೊಳ್ಳೋಣ. ಮೆದುಳಿನ ಕೋಟ್ಯಂತರ ನರಕೋಶಗಳು ಅತಿ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಜಾತ್ರೆಯಲ್ಲಿ ಸಾವಿರಾರು ಜನ ತಮ್ಮ ತಮ್ಮ ಮಾತಿನಲ್ಲಿ ತೊಡಗಿರುವಾಗ ಒಂದು ಮೂಲೆಯ ಗುಂಪು ಒಮ್ಮೆಲೇ ಒಂದೇ ಕೂಗು ಹಾಕಲು ಶುರುಮಾಡಿ, ಅದು ಇಡೀ ಬಯಲಿಗೆ ಹಬ್ಬಿದರೆ ಹೇಗೋ ಹಾಗೆ, ಮೂರ್ಛೆ ಬಂದಾಗ ನರಕೋಶಗಳ ಒಂದು ಗುಂಪು ಏಕಕಾಲಕ್ಕೆ ಮಿತಿಮೀರಿ ವಿದ್ಯುತ್ ಹೊರಹಾಕುತ್ತದೆ. ಅದು ಒಂದೇ ಭಾಗದಲ್ಲಿ ನಿಂತರೆ ಕೈ ಅದುರುವುದು, ಬಾಯಿ ಚಪ್ಪರಿಸುವುದು, ಕೆಲವು ಕ್ಷಣ ಎವೆಯಿಕ್ಕದೆ ಶೂನ್ಯ ನೋಡುತ್ತ ನಿಲ್ಲುವುದು ಇಷ್ಟೇ ಕಾಣಬಹುದು. ಇಡೀ ಮೆದುಳಿಗೆ ಹಬ್ಬಿದರೆ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ, ಮೈ ಸೆಟೆಯುತ್ತದೆ, ಕೈಕಾಲು ಬಡಿಯುತ್ತವೆ, ಬಾಯಲ್ಲಿ ಬುರುಗು ಬರುತ್ತದೆ. ನಮ್ಮ ಕಡೆ ಫಿಟ್ಸ್ ಎಂದು ಕರೆಯುವುದು ಬಹುತೇಕ ಈ ಎರಡನೆಯದನ್ನೇ. ಮೊದಲ ಬಗೆಯದನ್ನು ‘ಚಕ್ಕರ ಬಂತು’, ‘ಹುಡುಗನಿಗೆ ಲಕ್ಷ್ಯ ಇಲ್ಲ’ ಎಂದು ವರ್ಷಗಟ್ಟಲೆ ತಳ್ಳಿಬಿಡುವುದುಂಟು.

ಒಮ್ಮೆ ಮೂರ್ಛೆ ಬಂದವರಿಗೆಲ್ಲ ಮೂರ್ಛೆರೋಗ ಇದೆ ಎನ್ನಲಾಗದು. ಸಣ್ಣ ಮಕ್ಕಳಿಗೆ ಜ್ವರ ಏರಿದಾಗ ಸೆಳೆತ ಬರಬಹುದು, ರಕ್ತದಲ್ಲಿ ಸಕ್ಕರೆ ತೀರ ಇಳಿದಾಗಲೂ ಬರಬಹುದು. ತಕ್ಷಣದ ಇಂಥ ಕಾರಣ ಯಾವುದೂ ಇಲ್ಲದೆ, 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಮೂರ್ಛೆ ಬಂದರೆ ವೈದ್ಯರು ಮೂರ್ಛೆರೋಗ ಎನ್ನುತ್ತಾರೆ. ಮೂಲ ಕಾರಣಗಳು ಹಲವು: ಹೆರಿಗೆಯ ವೇಳೆ ಮಗುವಿನ ಮೆದುಳಿಗೆ ಆಮ್ಲಜನಕ ಸಾಲದೆ ಹೋದದ್ದು, ತಲೆಗೆ ಬಿದ್ದ ಪೆಟ್ಟು, ಮೆದುಳು ಜ್ವರ, ಪಾರ್ಶ್ವವಾಯು, ಗಡ್ಡೆ, ವಂಶವಾಹಿಯಲ್ಲಿನ ಬದಲಾವಣೆ. ನಮ್ಮ ದೇಶದಲ್ಲಿ ಇನ್ನೊಂದು ಮುಖ್ಯ ಕಾರಣ ಲಾಡಿಹುಳು. ಅದರ ಮೊಟ್ಟೆಗಳು ಮಲದಿಂದ ಮಲಿನವಾದ ನೀರು ಅಥವಾ ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಹೊಟ್ಟೆ ಸೇರಿ, ಮರಿಗಳು ರಕ್ತದೊಡನೆ ಮೆದುಳಿಗೆ ಹೋಗಿ ಕೂರುತ್ತವೆ. ಹಂದಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಆದ್ದರಿಂದ ಶೌಚಾಲಯ, ಶುದ್ಧ ನೀರು, ಕೈ ತೊಳೆಯುವ ರೂಢಿ ಇವೂ ಮೂರ್ಛೆರೋಗ ತಡೆಯುವ ಉಪಾಯಗಳೇ. ಕೆಲವರಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. ಒಂದು ಮಾತು ಮಾತ್ರ ಖಚಿತ: ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಾಯಿಯ ಬುರುಗು ತಾಗಿದರೂ ಅಂಟುವುದಿಲ್ಲ.

ಜಳಕದ ಮನೆಯಲ್ಲಿ ಸಿಕ್ಕ ಸುಳಿವು

ಬಿಸಿನೀರಿನ ಮೂರ್ಛೆಯ ಬಗ್ಗೆ 1945ರಲ್ಲಿ ನ್ಯೂಜಿಲೆಂಡಿನಿಂದ ಒಂದು ವರದಿ ಬಂದಿತ್ತು. ಆಗ ಅದನ್ನು ಬಲು ಅಪರೂಪದ ಸಂಗತಿ ಎಂದು ಭಾವಿಸಿದ್ದರು. ಬೆಂಗಳೂರಿನಲ್ಲಿ ಅದು ಅಪರೂಪವಲ್ಲ ಎಂದು ತೋರಿಸಿದ್ದು ಮಣಿ. 1972ರ ಹೊತ್ತಿಗೆ ಅವರ ತಂಡ 60 ರೋಗಿಗಳ ವಿವರ ಪ್ರಕಟಿಸಿತು, 1974ರಲ್ಲಿ 108 ರೋಗಿಗಳ ವಿವರವನ್ನು ಅಮೆರಿಕದ ನರವಿಜ್ಞಾನಿಗಳ ಮುಂದಿಟ್ಟಿತು. ನಿಮ್ಹಾನ್ಸ್‌ನಲ್ಲಿ ಈ ಎಳೆಯನ್ನು ಮುಂದುವರಿಸಿದವರು ಡಾ. ಪಿ. ಸತೀಶ್ಚಂದ್ರ. ಮುಂದೆ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು. 1980ರಿಂದ 1983ರ ನಡುವೆ ನಿಮ್ಹಾನ್ಸ್‌ಗೆ ಬಂದ ಇಂಥ 279 ರೋಗಿಗಳ ಅಧ್ಯಯನವನ್ನು ಅವರು ಮತ್ತು ಸಂಗಡಿಗರು 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಂಗಸರಿಗಿಂತ ಗಂಡಸರಲ್ಲಿ, ಅದರಲ್ಲೂ ಮಕ್ಕಳು ಮತ್ತು ಹರೆಯದವರಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರುತ್ತದೆ.

ದಕ್ಷಿಣ ಕರ್ನಾಟಕದಲ್ಲಿಯೇ ಇದು ಇಷ್ಟೊಂದು ಕಂಡದ್ದೇಕೆ? ನಾವು ತಲೆಸ್ನಾನ ಮಾಡುವ ಬಗೆಯಲ್ಲಿ ಉತ್ತರದ ಒಂದು ಭಾಗ ಇದೆ. ಹಂಡೆಯಲ್ಲಿ ನೀರು ಕಾಯಿಸಿ, 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವಾಗಲೇ ತಂಬಿಗೆಯ ಮೇಲೆ ತಂಬಿಗೆ ನೆತ್ತಿಗೆ ಸುರಿದುಕೊಳ್ಳುತ್ತೇವೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಜಳಕ ಮಾಡುವ ದಿನವಂತೂ ನೀರು ಇನ್ನೂ ಬಿಸಿ, ಸುರಿಯುವುದು ಇನ್ನೂ ಬಿರುಸು. ಹೀಗೆ ನೆತ್ತಿಯ ಮೇಲೆ ಬಿಸಿ ದಿಢೀರನೆ ಏರಿದಾಗ, ಶಾಖವನ್ನು ಸರಿತೂಗಿಸುವ ಮೆದುಳಿನ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ಸೂಕ್ಷ್ಮತೆ ಇರುವವರಿಗೆ ಮೂರ್ಛೆ ಬರುತ್ತದೆ ಎಂಬುದು ಸಂಶೋಧಕರ ವಿವರಣೆ. ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಮೈಶಾಖ ಬೇಗ ಏರಿದಾಗ ಸೆಳೆತ ಬಂತು. ಮತ್ತೆ ಮತ್ತೆ ಹಾಗೆ ಮಾಡಿದಾಗ ಕಡಿಮೆ ಶಾಖಕ್ಕೂ ಸೆಳೆತ ಬರತೊಡಗಿತು. 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್‌ನ ವಿಜ್ಞಾನಿಗಳು ಈ ತೊಂದರೆ ಇರುವ ಕುಟುಂಬಗಳನ್ನು ಪರೀಕ್ಷಿಸಿ, ಇದಕ್ಕೆ ಸಂಬಂಧಿಸಿದ ಭಾಗಗಳು 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಇವೆ ಎಂದು ಗುರುತಿಸಿದರು. ಜಳಕದ ಮನೆಯ ಒಂದು ಸಂಗತಿ ನಲವತ್ತು ವರ್ಷಗಳಲ್ಲಿ ವಂಶವಾಹಿಯವರೆಗೆ ಹೋಯಿತು.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ವಿಷಯ ಇದೆ. ಈ ರೋಗಿಗಳಲ್ಲಿ ಬಹಳ ಜನರ ಇ.ಇ.ಜಿ., ಅಂದರೆ ಮೆದುಳಿನ ವಿದ್ಯುತ್ ಅಲೆಗಳ ನಕ್ಷೆ, ಮೂರ್ಛೆ ಇಲ್ಲದ ವೇಳೆಯಲ್ಲಿ ತೆಗೆದಾಗ ಸರಿಯಾಗಿಯೇ ಇರುತ್ತದೆ. ಯಂತ್ರ ತೋರಿಸದ್ದನ್ನು ರೋಗಿಯ ಮಾತು ತೋರಿಸುತ್ತದೆ. ‘ಯಾವಾಗ ಬಂತು, ಆಗ ಏನು ಮಾಡುತ್ತಿದ್ದೆ, ನೀರು ಎಷ್ಟು ಬಿಸಿ ಇತ್ತು, ಎಷ್ಟು ತಂಬಿಗೆ ಹೊಯ್ದುಕೊಂಡಿದ್ದೆ’ ಎಂದು ಕೇಳಿದಾಗಲೇ ಈ ರೋಗ ಪತ್ತೆಯಾಗುವುದು. ಮೂರ್ಛೆರೋಗದ ಎಲ್ಲ ಬಗೆಗಳಿಗೂ ಇದು ಸಲ್ಲುತ್ತದೆ. ವೈದ್ಯರ ಕಣ್ಣೆದುರು ಮೂರ್ಛೆ ಬರುವುದು ಅಪರೂಪ. ಹೀಗಾಗಿ ಕಂಡವರು ಹೇಳುವ ವಿವರವೇ ಮೊದಲ ಪರೀಕ್ಷೆ. ರೋಗಿಯೊಡನೆ ಆಸ್ಪತ್ರೆಗೆ ಹೋಗುವಾಗ ಮೂರ್ಛೆ ಬಂದದ್ದನ್ನು ನೋಡಿದವರೇ ಹೋಗಬೇಕು. ಮೊಬೈಲಿನಲ್ಲಿ ಯಾರಾದರೂ ಚಿತ್ರೀಕರಿಸಿದ್ದರೆ ಅದು ವೈದ್ಯರಿಗೆ ಬಹಳ ಸಹಾಯ.

ಬಿಸಿನೀರಿನ ಮೂರ್ಛೆಗೆ ಪರಿಹಾರ ಮನೆಯಲ್ಲೇ ಅರ್ಧ ಇದೆ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದು, ನೆತ್ತಿಗೆ ಒಂದೇ ಸಮ ಸುರಿಯದೆ ಮೈಗೆ ಮೊದಲು ಹಾಕಿಕೊಂಡು ತಲೆಯನ್ನು ನಿಧಾನವಾಗಿ ತೊಳೆಯುವುದು, ಒಬ್ಬರೇ ಇರುವಾಗ ಬಚ್ಚಲಿಗೆ ಚಿಲಕ ಹಾಕದಿರುವುದು. ಇಷ್ಟಕ್ಕೆ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಗುಳಿಗೆ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ಕೆಲವರಿಗೆ ಕಾಲಕ್ರಮದಲ್ಲಿ ಜಳಕದ ಸಂಬಂಧವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಅಂಥವರಿಗೆ ದಿನವೂ ಗುಳಿಗೆ ಬೇಕು. ಹಾಗಾಗಿ ‘ಬಿಸಿನೀರಿಗೆ ತಾನೆ’ ಎಂದು ಸುಮ್ಮನಿರದೆ ಒಮ್ಮೆ ತೋರಿಸಿಕೊಳ್ಳುವುದೇ ಒಳ್ಳೆಯದು.

ಯಳಂದೂರು ಕಲಿಸಿದ್ದು

ಯಳಂದೂರು ಈಗ ಚಾಮರಾಜನಗರ ಜಿಲ್ಲೆಯಲ್ಲಿದೆ. ಅಧ್ಯಯನ ಶುರುವಾದಾಗ ಅದು ಮೈಸೂರು ಜಿಲ್ಲೆಯ ತಾಲ್ಲೂಕು. ಮಣಿ ಅವರ ಜೊತೆ ಜಿ. ರಂಗನ್, ಎಚ್.ವಿ. ಶ್ರೀನಿವಾಸ್ ಮೊದಲಾದ ವೈದ್ಯರು ಇದ್ದರು. ಸುಮಾರು 65 ಸಾವಿರ ಜನರಲ್ಲಿ ಮೂರ್ಛೆರೋಗ ಎಷ್ಟು ಎಂದು ತಂಡ ಹುಡುಕಿತು. ಸಾವಿರಕ್ಕೆ 4.6ರಷ್ಟು ಜನರಲ್ಲಿ ರೋಗ ಕಂಡಿತು. 1998ರಲ್ಲಿ ಈ ಲೆಕ್ಕ ಪ್ರಕಟವಾಯಿತು. ಮುಂದೆ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಪ್ರಕಟಿಸಿದರು. ಅಲ್ಲಿ ಸಾವಿರಕ್ಕೆ 8.8 ಜನರಿಗೆ ಮೂರ್ಛೆರೋಗ ಇತ್ತು. ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ನಗರದ ಎರಡರಷ್ಟು ಹಳ್ಳಿಯಲ್ಲಿ! ಈ ಲೆಕ್ಕಗಳನ್ನು ನಮ್ಮ ಸೀಮೆಗೆ ಹೊಂದಿಸಿ ನೋಡಿದರೆ, ಐದು ಸಾವಿರ ಜನರಿರುವ ಒಂದು ಊರಿನಲ್ಲಿ ಕಡಿಮೆ ಎಂದರೂ ಇಪ್ಪತ್ತಮೂರು, ಹೆಚ್ಚೆಂದರೆ ಅರವತ್ತರಷ್ಟು ಜನ ಇರಬಹುದು. ಅವರಲ್ಲಿ ಎಷ್ಟು ಜನರನ್ನು ಊರು ಬಲ್ಲದು? ಬಲ್ಲದ್ದಕ್ಕಿಂತ ಬಚ್ಚಿಟ್ಟದ್ದೇ ಹೆಚ್ಚು.

ಯಳಂದೂರಿನ ಕೆಲಸ ಎಣಿಕೆಗೆ ನಿಲ್ಲಲಿಲ್ಲ. ಚಿಕಿತ್ಸೆಯ ಅಧ್ಯಯನಕ್ಕೆ ಸೇರಿದ 135 ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಕೊಟ್ಟು, ತಂಡ ಅವರನ್ನು ಐದು ವರ್ಷದವರೆಗೆ ಬಿಡದೆ ಹಿಂಬಾಲಿಸಿತು. ಫಿನೋಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿದೆ. ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯ ತನ್ನ ರೋಗಿಗಳು ರಾತ್ರಿ ಮಲಗಲೆಂದು ಅದನ್ನು ಕೊಟ್ಟು, ಹಗಲಿನ ಮೂರ್ಛೆಯೂ ಕಡಿಮೆಯಾದದ್ದನ್ನು ಕಂಡ. ಫೆನಿಟಾಯಿನ್ ಮೂರ್ಛೆಯನ್ನು ತಡೆಯುತ್ತದೆ ಎಂದು 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ತೋರಿಸಿದರು. ಎರಡೂ ಹಳೆಯವು, ಅಗ್ಗದವು. ಹೊಸ ಔಷಧಿಗಳಿಗೆ ಹೋಲಿಸಿದರೆ ಅಡ್ಡಪರಿಣಾಮ ಹೆಚ್ಚು: ಮೊದಲನೆಯದರಿಂದ ಮಂಪರು ಬರಬಹುದು, ಎರಡನೆಯದರಿಂದ ವಸಡು ಊದಬಹುದು. ಆದರೂ ಇವುಗಳಿಂದಲೇ ಅರ್ಧಕ್ಕಿಂತ ಹೆಚ್ಚು ರೋಗಿಗಳ ಮೂರ್ಛೆ ನಿಂತಿತು. ಚಿಕಿತ್ಸೆಗೆ ಮೊದಲು ಕಡಿಮೆ ಸಲ ಮೂರ್ಛೆ ಬಂದಿದ್ದವರಲ್ಲಿ ಫಲ ಹೆಚ್ಚು ಚೆನ್ನಾಗಿ ಕಂಡಿತು. ತಡಮಾಡಿದಷ್ಟೂ ನಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ಈ ಅಧ್ಯಯನದ ತೂಕ ಇರುವುದು ಇಲ್ಲಿಯೇ. ತಾಲ್ಲೂಕಿನಲ್ಲಿ ನರರೋಗ ತಜ್ಞ ಇರಬೇಕಾಗಿಲ್ಲ, ಎಂ.ಆರ್.ಐ. ಯಂತ್ರ ಇರಬೇಕಾಗಿಲ್ಲ. ತರಬೇತಿ ಪಡೆದ ಸಾಮಾನ್ಯ ವೈದ್ಯ, ತಪ್ಪದೆ ಸಿಗುವ ಗುಳಿಗೆ, ‘ಹ್ಯಾಂಗದೀರಿ, ಗುಳಿಗಿ ತಗೊಂಡ್ರೇನು’ ಎಂದು ತಿಂಗಳು ತಿಂಗಳು ಕೇಳುವ ಒಬ್ಬ ಕಾರ್ಯಕರ್ತೆ, ಈ ಮೂರು ಇದ್ದರೆ ಬಹಳಷ್ಟು ಜನರ ಬದುಕು ಹಾದಿಗೆ ಬರುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಜನ ಮೂರ್ಛೆ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗ ಇದೆ. ಬಡ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಬೇಕಾದ ಚಿಕಿತ್ಸೆ ಸಿಗುತ್ತಿಲ್ಲ ಎಂಬುದೂ ಅದೇ ಸಂಸ್ಥೆಯ ಲೆಕ್ಕ.

ಉಳಿದ ಮೂವತ್ತು ಜನರನ್ನು ಕೈಬಿಡಬೇಕೆಂದಲ್ಲ. ಸರಿಯಾಗಿ ಆರಿಸಿ, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಿಗಳಿಗೂ ಬಗ್ಗದ ಮೂರ್ಛೆಗೆ ಕೆಲವರಲ್ಲಿ ಶಸ್ತ್ರಚಿಕಿತ್ಸೆ ಫಲ ಕೊಡುತ್ತದೆ. ನಮ್ಮ ದೇಶದಲ್ಲಿ 1950ರ ದಶಕದಲ್ಲೇ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ಇದನ್ನು ಆರಂಭಿಸಿದ್ದರು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈಗ ಇದು ನಡೆಯುತ್ತಿದೆ. ಅಂಥ ಕೇಂದ್ರಕ್ಕೆ ಯಾರನ್ನು ಕಳಿಸಬೇಕು ಎಂಬುದು ಗೊತ್ತಾಗುವುದು ಕೂಡ ತಾಲ್ಲೂಕಿನಲ್ಲಿ ಮೊದಲ ಚಿಕಿತ್ಸೆ ಸರಿಯಾಗಿ ನಡೆದಾಗಲೇ.

ಮದುವೆ, ಕಾನೂನು, ಮರ್ಯಾದೆ

ಮೂರ್ಛೆಗಿಂತ ಹೆಚ್ಚಿನ ನೋವು ಜನರ ಬಾಯಿಂದ ಬರುತ್ತದೆ ಎಂಬುದನ್ನು ಈ ರೋಗದ ವೈದ್ಯರೆಲ್ಲ ಕಂಡಿದ್ದಾರೆ. 1970ರ ದಶಕದ ಆರಂಭದಲ್ಲಿ ಹುಟ್ಟಿದ ಭಾರತೀಯ ಎಪಿಲೆಪ್ಸಿ ಸಂಘವನ್ನು ಕಟ್ಟಿದವರಲ್ಲಿ ಮಣಿ ಒಬ್ಬರು. ವೈದ್ಯರ ಜೊತೆ ರೋಗಿಗಳೂ ಅವರ ಮನೆಯವರೂ ಸೇರಿ ಮಾತಾಡುವ ಸಂಘಟನೆ ಅದು. ಅದರ ಮುಂದೆ ಒಂದು ದೊಡ್ಡ ಗೋಡೆ ಇತ್ತು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಪದೇ ಪದೇ ಬರುವ ಹುಚ್ಚಿನ ಜೊತೆಗೆ ಮೂರ್ಛೆರೋಗವನ್ನೂ ಸೇರಿಸಿ, ಅಂಥವರು ಮದುವೆಗೆ ಅರ್ಹರಲ್ಲ ಎಂದು ಬರೆಯಲಾಗಿತ್ತು. ಗುಳಿಗೆಯಿಂದ ಹತೋಟಿಗೆ ಬರುವ ಒಂದು ನರರೋಗಕ್ಕೆ ಕಾನೂನೇ ಕಳಂಕ ಹಚ್ಚಿತ್ತು. ಸಂಘ ವರ್ಷಗಟ್ಟಲೆ ಹೋರಾಡಿತು. ಕೊನೆಗೆ 1999ರ ವಿವಾಹ ಕಾನೂನುಗಳ ತಿದ್ದುಪಡಿ ಕಾಯಿದೆ ಹಿಂದೂ ವಿವಾಹ ಕಾಯಿದೆ ಮತ್ತು ವಿಶೇಷ ವಿವಾಹ ಕಾಯಿದೆ ಎರಡರಿಂದಲೂ ಮೂರ್ಛೆರೋಗದ ಉಲ್ಲೇಖವನ್ನು ತೆಗೆದುಹಾಕಿತು.

ಕಾನೂನು ಬದಲಾಗಿ ಕಾಲು ಶತಮಾನ ಕಳೆದರೂ ಮನಸ್ಸುಗಳು ಅಷ್ಟು ಬೇಗ ಬದಲಾಗಿಲ್ಲ. ಹೆಣ್ಣು ನೋಡಲು ಬಂದವರಿಗೆ ರೋಗದ ಸುದ್ದಿ ಹೇಳದೆ, ಮದುವೆಯಾದ ಮೇಲೆ ಗಂಡನ ಮನೆಯವರಿಗೆ ತಿಳಿಯಬಾರದೆಂದು ಗುಳಿಗೆಯನ್ನೇ ಬಿಡಿಸುತ್ತಾರೆ. ಇದು ಅಪಾಯದ ಹಾದಿ. ಒಮ್ಮೆಲೇ ಗುಳಿಗೆ ನಿಲ್ಲಿಸಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಪ್ರಾಣಕ್ಕೇ ಸಂಚಕಾರ ಬರಬಹುದು. ಮೂರ್ಛೆರೋಗ ಇರುವ ಹೆಣ್ಣುಮಕ್ಕಳು ಮದುವೆಯಾಗಬಹುದು, ತಾಯಿಯಾಗಬಹುದು, ಮೊಲೆಯುಣಿಸಬಹುದು. ಬಸಿರಾಗುವ ವಿಚಾರ ಇರುವಾಗಲೇ ವೈದ್ಯರಿಗೆ ಹೇಳಬೇಕು. ವಾಲ್ಪ್ರೊಯೇಟ್‌ನಂಥ ಔಷಧಿ ಹೊಟ್ಟೆಯಲ್ಲಿನ ಕೂಸಿಗೆ ತೊಂದರೆ ಮಾಡುವುದರಿಂದ ಅವರು ಮುಂಚಿತವಾಗಿಯೇ ಬೇರೆ ಔಷಧಿಗೆ ಬದಲಿಸುತ್ತಾರೆ, ಫೋಲಿಕ್ ಆಮ್ಲ ಕೊಡುತ್ತಾರೆ. ಬಸಿರಾದ ಮೇಲೆ ಹೆದರಿ ತಾವಾಗಿಯೇ ಗುಳಿಗೆ ಬಿಡುವುದು ಮಾತ್ರ ಸಲ್ಲದು.

ಘಟಪ್ರಭೆಯ ದಂಡೆಗೆ

ಈಗ ನಮ್ಮ ಕಡೆ ನೋಡೋಣ. ಗೋಕಾಕ ಫಾಲ್ಸ್‌ನಲ್ಲಿ 1885ರಿಂದ ನೂಲಿನ ಗಿರಣಿ ಇದೆ. ಸುತ್ತಲೂ ಸಕ್ಕರೆ ಕಾರ್ಖಾನೆಗಳಿವೆ. ಹಿಡಕಲ್ ಅಣೆಕಟ್ಟೆಯಿಂದ ಹೊರಟ ಕಾಲುವೆಗಳು ಹೊಲಗಳ ನಡುವೆ ಹರಿಯುತ್ತವೆ. ಮೂರ್ಛೆರೋಗ ಇರುವವರಿಗೆ ಈ ಬದುಕಿನಲ್ಲಿ ಕೆಲವು ವಿಶೇಷ ಎಚ್ಚರಿಕೆಗಳು ಬೇಕು. ನಿದ್ದೆಗೆಟ್ಟರೆ ಮೂರ್ಛೆ ಬರುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ರಾತ್ರಿಪಾಳಿ, ಕಬ್ಬು ನುರಿಸುವ ಹಂಗಾಮಿನ ರಾತ್ರಿಯ ಸಾಗಾಟ, ಭಜನೆ ಬಯಲಾಟದ ಜಾಗರಣೆ ಇವುಗಳಿಂದ ಅವರು ದೂರ ಇರಬೇಕು. ಗಿರಣಿ ಕಾರ್ಖಾನೆಗಳ ಮೇಲ್ವಿಚಾರಕರು ಇಂಥ ಕಾರ್ಮಿಕರಿಗೆ ಹಗಲು ಪಾಳಿ, ಚಲಿಸುವ ಯಂತ್ರದಿಂದ ದೂರದ ಕೆಲಸ ಕೊಟ್ಟರೆ ಕೆಲಸವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಕಾಲುವೆ, ಬಾವಿ, ಹೊಳೆಗೆ ಒಬ್ಬರೇ ಇಳಿಯಬಾರದು. ಟ್ರ್ಯಾಕ್ಟರ್, ಮೋಟರ್ ಸೈಕಲ್ ಓಡಿಸಬಾರದು. ಹೆಣ್ಣುಮಕ್ಕಳು ನೆಲದ ಒಲೆಯ ಮುಂದೆ ಒಬ್ಬರೇ ಕೂರದಂತೆ ಮನೆಯವರು ನೋಡಿಕೊಳ್ಳಬೇಕು. ಮಕ್ಕಳನ್ನು ಸಾಲಿ ಬಿಡಿಸಬಾರದು. ಮಾಸ್ತರರಿಗೆ, ಅಕ್ಕೋರಿಗೆ ವಿಷಯ ತಿಳಿಸಿ, ಏನು ಮಾಡಬೇಕೆಂದು ಹೇಳಿಕೊಟ್ಟರೆ ಸಾಕು.

ಹರಕೆ ಹೊರುವುದು, ಸವದತ್ತಿಗೆ ಹೋಗಿಬರುವುದು ನಮ್ಮ ನಂಬಿಕೆಯ ವಿಷಯ. ಅದರಿಂದ ಮನಸ್ಸಿಗೆ ಧೈರ್ಯ ಸಿಗುವುದಾದರೆ ಯಾವ ವೈದ್ಯರೂ ಬೇಡ ಎನ್ನರು. ಆದರೆ ತಾಯತ ಕಟ್ಟಿದ ಮೇಲೆ ಗುಳಿಗೆ ಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತು ಕೇಳಬಾರದು. ಬರೆ ಹಾಕುವುದು, ಮೂಗಿಗೆ ಹೊಗೆ ಹಾಕುವುದು ರೋಗಿಗೆ ಕೊಡುವ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ.

ಕೈಗೆ ಕಬ್ಬಿಣ ಅಥವಾ ಕೀಲಿಕೈ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಊರೂರಲ್ಲಿ ಇವತ್ತಿಗೂ ನಡೆಯುತ್ತದೆ. ಅದರಿಂದ ಮೂರ್ಛೆ ನಿಂತಿತು ಎಂದು ಕಣ್ಣಾರೆ ಕಂಡವರೂ ಇದ್ದಾರೆ. ಅವರು ಕಂಡದ್ದು ಸುಳ್ಳಲ್ಲ, ಕಾರಣ ಬೇರೆ. ಸಾಮಾನ್ಯವಾಗಿ ಮೂರ್ಛೆಯ ಸೆಳೆತ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀಲಿಕೈ ಹುಡುಕಿ ತರುವಷ್ಟರಲ್ಲಿ ಅಷ್ಟು ಹೊತ್ತು ಕಳೆದಿರುತ್ತದೆ. ಆ ಎರಡು ಮೂರು ನಿಮಿಷದಲ್ಲಿ ಮಾಡಬೇಕಾದದ್ದು ಬೇರೆಯೇ ಇದೆ. ರೋಗಿಯ ಸುತ್ತಲಿನ ಕಲ್ಲು, ಒಲೆ, ಹರಿತದ ವಸ್ತು ದೂರ ಸರಿಸಿರಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿರಿ. ಕೊರಳ ಗುಂಡಿ, ಸೊಂಟದ ಪಟ್ಟಿ ಸಡಿಲಿಸಿರಿ. ಒಂದು ಮಗ್ಗುಲಿಗೆ ಹೊರಳಿಸಿದರೆ ಜೊಲ್ಲು, ಬುರುಗು ಹೊರಗೆ ಹರಿದು ಉಸಿರಾಟ ಸರಾಗವಾಗುತ್ತದೆ. ಬಾಯಿಗೆ ಚಮಚ, ಬಟ್ಟೆ, ಬೆರಳು ಯಾವುದನ್ನೂ ತುರುಕಬೇಡಿರಿ, ಹಲ್ಲು ಮುರಿಯುತ್ತದೆ, ಉಸಿರುಗಟ್ಟುತ್ತದೆ. ಪೂರ್ತಿ ಎಚ್ಚರ ಬರುವವರೆಗೆ ನೀರು ಕುಡಿಸಬೇಡಿರಿ. ಕೈಕಾಲು ಒತ್ತಿ ಹಿಡಿಯಬೇಡಿರಿ. ಗಡಿಯಾರ ನೋಡಿರಿ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಇನ್ನೊಂದು ಮೂರ್ಛೆ ಬಂದರೆ, ನೀರಿನಲ್ಲಿ ಬಿದ್ದಿದ್ದರೆ, ಬಸುರಿಯಾಗಿದ್ದರೆ, ಮೂರ್ಛೆ ಬಂದದ್ದು ಇದೇ ಮೊದಲಾದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ.

ಇಷ್ಟು ಮನೆಯವರ, ನೆರೆಯವರ ಕೆಲಸ. ಇನ್ನುಳಿದದ್ದು ವ್ಯವಸ್ಥೆಯ ಕೆಲಸ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ‘ಕಭಿ’ ಎಂಬ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆ, ತಲೆನೋವುಗಳ ಬಗ್ಗೆ ತರಬೇತಿ ಕೊಟ್ಟು, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯ ನಡೆಸುವುದು ಅದರ ಉದ್ದೇಶ. ಯಳಂದೂರಿನಲ್ಲಿ ಮಣಿ ತೋರಿಸಿದ ದಾರಿಯೇ ಇದು. ಅದೇ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯೂ ಮೂರ್ಛೆರೋಗ ಮತ್ತು ಇತರ ನರರೋಗಗಳಿಗಾಗಿ 2031ರವರೆಗಿನ ಜಾಗತಿಕ ಕ್ರಿಯಾಯೋಜನೆಯನ್ನು ಒಪ್ಪಿಕೊಂಡಿತು.

ಕಾಗದದ ಮೇಲಿನ ಈ ಯೋಜನೆ ನಮ್ಮ ತಾಲ್ಲೂಕುಗಳಲ್ಲಿ ಬೇರು ಬಿಡಬೇಕಾದರೆ ಮೂರು ಸಂಗತಿಗಳು ನಡೆಯಬೇಕು. ಮೊದಲನೆಯದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರ್ಛೆರೋಗದ ಗುಳಿಗೆ ಒಂದು ದಿನವೂ ಖಾಲಿಯಾಗಬಾರದು. ರಕ್ತದೊತ್ತಡದ ಗುಳಿಗೆ ನಾಲ್ಕು ದಿನ ತಪ್ಪಿದರೆ ಆಗುವ ಹಾನಿ ಹೊರಗೆ ಕಾಣದಿರಬಹುದು. ಮೂರ್ಛೆಯ ಗುಳಿಗೆ ನಾಲ್ಕು ದಿನ ತಪ್ಪಿದರೆ ಮನುಷ್ಯ ಬೀದಿಯಲ್ಲಿ ಬೀಳುತ್ತಾನೆ. ಜಿಲ್ಲಾ ಕೇಂದ್ರದಿಂದ ದೂರದ ಹಳ್ಳಿಯವರಿಗೆ ಒಂದೇ ಸಲ ಎರಡು ಮೂರು ತಿಂಗಳಿಗಾಗುವಷ್ಟು ಗುಳಿಗೆ ಕೊಡುವ ವ್ಯವಸ್ಥೆ ಬೇಕು. ದಿನಗೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು ತಿಂಗಳು ತಿಂಗಳು ಬೆಳಗಾವಿಗೆ ಹೋಗುವುದು ಬಡವರಿಂದ ಆಗದ ಮಾತು. ಗುಳಿಗೆ ಬಿಟ್ಟವರಲ್ಲಿ ಎಷ್ಟೋ ಜನ ಅಸಡ್ಡೆಯಿಂದ ಬಿಟ್ಟವರಲ್ಲ, ಹೋಗಿಬರಲು ಆಗದೆ ಬಿಟ್ಟವರು.

ಎರಡನೆಯದು, ಆಶಾ ಕಾರ್ಯಕರ್ತೆಯರು ಬಸುರಿ ಬಾಣಂತಿಯರ ಪಟ್ಟಿ ಇಟ್ಟುಕೊಳ್ಳುವಂತೆ ಮೂರ್ಛೆರೋಗಿಗಳ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಮನೆಯವರ ಒಪ್ಪಿಗೆ ಪಡೆದು, ಗುಟ್ಟು ಕಾಯುತ್ತ ಆ ಕೆಲಸ ಮಾಡಬೇಕು, ಅದಕ್ಕೆ ತಕ್ಕ ಗೌರವಧನವೂ ಅವರಿಗೆ ಸಿಗಬೇಕು. ಮೂರನೆಯದು, ರೋಗಿಗೂ ಮನೆಯವರಿಗೂ ಮೊದಲ ದಿನವೇ ಪೂರ್ತಿ ತಿಳಿಸಿ ಹೇಳಬೇಕು: ಗುಳಿಗೆ ತಗೊಂಡ ಕೂಡಲೇ ರೋಗ ಮಾಯವಾಗುವುದಿಲ್ಲ, ಮೂರ್ಛೆ ನಿಂತ ಮೇಲೂ ಸಾಮಾನ್ಯವಾಗಿ ಎರಡು ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳಬೇಕು, ನಿಲ್ಲಿಸುವ ತೀರ್ಮಾನ ವೈದ್ಯರದು, ನಿಲ್ಲಿಸುವಾಗಲೂ ಹಂತ ಹಂತವಾಗಿ ಇಳಿಸಬೇಕು. ಇದನ್ನು ಅವಸರದಲ್ಲಿ ಚೀಟಿಯ ಮೇಲೆ ಬರೆದುಕೊಟ್ಟರೆ ಸಾಲದು, ಕೂರಿಸಿಕೊಂಡು ಹೇಳಬೇಕು.

ನಮ್ಮ ಸೀಮೆಗೆ ಇದು ಹೊಸ ಪಾಠವೇನಲ್ಲ. ದೊಡ್ಡ ನಗರಗಳಿಂದ ದೂರ, ಘಟಪ್ರಭೆಯ ಬಯಲಿನಲ್ಲಿ ಡಾ. ನಾ.ಸು. ಹರ್ಡೀಕರರಂಥ ಸ್ವಾತಂತ್ರ್ಯ ಹೋರಾಟಗಾರ ವೈದ್ಯರು ಕರ್ನಾಟಕ ಆರೋಗ್ಯ ಧಾಮವನ್ನು ಬೆಳೆಸಿದ್ದು ಚಿಕಿತ್ಸೆ ಹಳ್ಳಿಯ ಬಾಗಿಲಿಗೆ ಬರಬೇಕೆಂದೇ. ವೈದ್ಯ ಇರುವಲ್ಲಿಗೆ ಜನ ಹೋಗುವುದಕ್ಕಿಂತ ಜನ ಇರುವಲ್ಲಿಗೆ ವೈದ್ಯ ಬರಬೇಕು ಎಂಬ ಹಂಬಲ ಈ ಮಣ್ಣಿನಲ್ಲಿ ಮೊದಲಿನಿಂದಲೂ ಇದೆ.

ಪ್ರತಿವರ್ಷ ನವೆಂಬರ್ 17ರಂದು ದೇಶದಲ್ಲಿ ರಾಷ್ಟ್ರೀಯ ಮೂರ್ಛೆರೋಗ ದಿನ ಆಚರಿಸುತ್ತಾರೆ. ಆ ದಿನ ಭಾಷಣಕ್ಕಿಂತ ಹೆಚ್ಚಿನದೊಂದು ಕೆಲಸ ನಮ್ಮ ಮೂರು ತಾಲ್ಲೂಕುಗಳಲ್ಲಿ ಆಗಲಿ. ಪ್ರತಿ ಗ್ರಾಮ ಪಂಚಾಯಿತಿ ತನ್ನ ಆರೋಗ್ಯ ಕೇಂ­ದ್ರದ ವೈದ್ಯರನ್ನು ಕರೆದು ಎರಡು ಪ್ರಶ್ನೆ ಕೇಳಲಿ: ನಮ್ಮ ಊರಲ್ಲಿ ಎಷ್ಟು ಜನರಿಗೆ ಮೂರ್ಛೆರೋಗ ಇದೆ? ಅವರಲ್ಲಿ ಎಷ್ಟು ಜನರಿಗೆ ಈ ತಿಂಗಳ ಗುಳಿಗೆ ಸಿಕ್ಕಿದೆ? ಯಳಂದೂರಿನಲ್ಲಿ ಮಣಿ ಮತ್ತು ಅವರ ಸಂಗಡಿಗರು ಕೇಳಿದ್ದೂ ಮೂಲತಃ ಇವೇ ಪ್ರಶ್ನೆಗಳನ್ನು. ಅವಕ್ಕೆ ಉತ್ತರ ಹುಡುಕುತ್ತ ಹೋದದ್ದರಿಂದಲೇ ಅವರ ಸಂಶೋಧನೆ ಜಗತ್ತಿಗೆ ಪಾಠವಾಯಿತು. ಉತ್ತರ ಇಂದು ನಮ್ಮ ಬಳಿ ಇಲ್ಲದಿದ್ದರೆ ಇವತ್ತೇ ಎಣಿಸಲು ಶುರುಮಾಡೋಣ. ಗುಳಿಗೆಯ ಬೆಲೆ ಕಡಿಮೆ, ವಿಜ್ಞಾನ ಸ್ಪಷ್ಟ, ದಾರಿ ನಮ್ಮ ನಾಡಿನಲ್ಲೇ ಒಮ್ಮೆ ನಡೆದು ನೋಡಿದ ದಾರಿ. ಇನ್ನು ತಡಮಾಡಲು ನಮಗೆ ಯಾವ ನೆಪವೂ ಉಳಿದಿಲ್ಲ.